ಹಸಿವಿಲ್ಲದ ಮೀನು

ಆ ಮಾತು ಹೊರಬಿದ್ದದ್ದು ಒಂದು ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ತಾಂಡವಪುರದ ಹತ್ತಿರದ ಒಂದು ಸಣ್ಣ ಕಾರ್ಖಾನೆಯ ಮಹಡಿಯಲ್ಲಿ ಹನ್ನೊಂದು ಮಂದಿ ಹೆಂಗಸರು ಮೀನಿನ ಗಾಳಗಳಿಗೆ ಗರಿ, ರೇಷ್ಮೆನೂಲು, ಜರಿ ಸುತ್ತುವ ಕೆಲಸ ಮಾಡುತ್ತಿದ್ದರು. ಸುತ್ತಿ ಮುಗಿಸಿದರೆ ಗಾಳ ಯಾವುದೋ ಬಣ್ಣದ ಹುಳುವಿನ ಹಾಗೆ ಕಾಣಬೇಕು. ಪೆಟ್ಟಿಗೆಯ ಮೇಲೆ ಅದಕ್ಕೆ ಸಾಲ್ಮನ್ ಫ್ಲೈ ಎಂಬ ಹೆಸರು; ಹೆಂಗಸರ ಬಾಯಲ್ಲಿ ಬರೀ ನೊಣ. ಪೆಟ್ಟಿಗೆಗಳು ವಿಮಾನ ಹತ್ತಿ ಎಲ್ಲೋ ಚಳಿದೇಶದ ನದಿಗಳಿಗೆ ಹೋಗುತ್ತಿದ್ದವು.

ಕವನ ಅಲ್ಲಿ ಸೇರಿ ಮೂರು ತಿಂಗಳಾಗಿತ್ತು. ಒಂದು ಕೈಯಲ್ಲಿ ಅನ್ನ ಕಲೆಸುತ್ತ ಇನ್ನೊಂದರಲ್ಲಿ ಮೊಬೈಲ್ ಉಜ್ಜುತ್ತಿದ್ದವಳು ಥಟ್ಟನೆ ತಲೆ ಎತ್ತಿದಳು.

"ಅಕ್ಕಾ, ಇಲ್ಲಿ ಕೇಳ್ರಿ. ಈ ಸಾಲ್ಮನ್ ಮೀನು ಸಮುದ್ರದಲ್ಲಿ ತಿಂದು ಬೆಳೀತದಂತೆ. ಮೊಟ್ಟೆ ಇಡೋಕೆ ನದಿಗೆ ಬಂದ್ಮೇಲೆ ಏನೂ ತಿನ್ನಲ್ವಂತೆ. ಹೊಟ್ಟೆನೇ ಮುದುಡಿಕೊಂಡು ಹೋಗ್ತದಂತೆ!"

"ಅಂಗಾದ್ರೆ ನಮ್ ನೊಣ ಯಾರಿಗೆ?" ಎಂದಳು ರಾಚಮ್ಮ.

"ಅದೇ ನಾನೂ ಕೇಳ್ತಿರೋದು. ತಿನ್ನದೇ ಇರೋ ಮೀನಿಗೆ ಅಡುಗೆ ಮಾಡ್ಕೊಂಡು ಕೂತಿದೀವಿ ನಾವು."

ಎಲ್ಲರೂ ನಕ್ಕರು. ಮೂಲೆಯ ಕಿಟಕಿಯ ಬಳಿ ಕೂತಿದ್ದ ರಂಜಿನಿಗೆ ಮಾತ್ರ ನಗು ಬರಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿ, ಡಬ್ಬಿ ಮುಚ್ಚಿ, ಕೈ ತೊಳೆಯಲು ಎದ್ದಳು.

ಅವಳಿಗೆ ನಲವತ್ತೊಂದು ವರ್ಷ. ಹುಟ್ಟಿದ್ದು ಹೆಡತಲೆಯೆಂಬ ಊರಿನಲ್ಲಿ, ಇರುವುದು ನಂಜನಗೂಡಿನ ರೈಲ್ವೆ ಸ್ಟೇಷನ್ ಹಿಂದಿನ ಒಂದು ವಠಾರದ ಬಾಡಿಗೆ ಮನೆಯಲ್ಲಿ. ಲಕ್ವ ಹೊಡೆದ ತಾಯಿ ಪುಟ್ಟಮಾದಮ್ಮನನ್ನು ಒಂಬತ್ತು ವರ್ಷ ನೋಡಿಕೊಂಡಳು. ಮದುವೆಯ ಮಾತು ಎತ್ತಿದವರಿಗೆ ಮೊದಮೊದಲು "ಅವ್ವ ಸ್ವಲ್ಪ ಹುಷಾರಾಗಲಿ" ಎನ್ನುತ್ತಿದ್ದಳು. ಆಮೇಲೆ ಎತ್ತುವವರೇ ಇಲ್ಲವಾದರು. ಹೋದ ವರ್ಷ ತಾಯಿ ತೀರಿಕೊಂಡಳು. ಅಂದಿನಿಂದ ಕೆಲಸ ಬಿಟ್ಟು ಮನೆಗೆ ಬಂದರೆ ರಂಜಿನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಔಷಧಿಯ ಹೊತ್ತಿಗೆ ಎಚ್ಚರಿಸಲೆಂದು ಮೊಬೈಲಿನಲ್ಲಿ ಇಟ್ಟಿದ್ದ ಅಲಾರಾಂ ಇನ್ನೂ ಏಳು ಗಂಟೆಗೆ ಬಡಿಯುತ್ತಿತ್ತು. ಅದನ್ನು ತೆಗೆದುಹಾಕಲು ಅವಳಿಗೆ ಮನಸ್ಸಾಗಿರಲಿಲ್ಲ.

ಅವಳದ್ದು ಎಂದು ಹೇಳಿಕೊಳ್ಳುವಂಥದ್ದು ಒಂದೇ: ಅವಳ ಕೈ. ಕೆಲಸಕ್ಕೆ ಸೇರಿದ ಹದಿನಾಲ್ಕು ವರ್ಷದಲ್ಲಿ ಅವಳಷ್ಟು ಚೊಕ್ಕವಾಗಿ ನೊಣ ಕಟ್ಟುವವರು ಆ ಕಾರ್ಖಾನೆಯಲ್ಲಿ ಇನ್ನೊಬ್ಬರು ಬಂದಿರಲಿಲ್ಲ. ಕಟ್ಟುವಾಗ ಅವಳ ಕಣ್ಣ ಮುಂದೆ ಒಂದು ಮೀನು ಇರುತ್ತಿತ್ತು. ದೊಡ್ಡದು, ಬೆಳ್ಳಿ ಮೈಯದು, ಹಸಿದದ್ದು. ಅದು ಬಾಯಿ ತೆರೆದು ಮೇಲೆ ಬರುತ್ತದೆ, ತಾನು ಕಟ್ಟಿದ್ದನ್ನೇ ಆರಿಸಿಕೊಳ್ಳುತ್ತದೆ. ಈ ಕಲ್ಪನೆಯನ್ನು ಅವಳು ಯಾರ ಹತ್ತಿರವೂ ಹೇಳಿದವಳಲ್ಲ. ಕವನ ಅದನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದಳು.

ಸಂಜೆ ಮನೆಗೆ ಹೊರಡುವಾಗ ರಂಜಿನಿ ಮಾಲೀಕ ಪ್ರೇಮ್‌ಕುಮಾರನ ಮೇಜಿನ ಮುಂದೆ ನಿಂತಳು.

"ಸಾರ್, ನದಿಗೆ ಬಂದ ಸಾಲ್ಮನ್ ಏನೂ ತಿನ್ನಲ್ಲ ಅಂತಾರಲ್ಲ, ನಿಜವಾ?"

"ನಿಜ. ಯಾಕೆ?"

"ಮತ್ತೆ ನೊಣ ಯಾಕೆ ಕಚ್ತದೆ?"

ಪ್ರೇಮ್‌ಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡ. "ಕಚ್ಚೋದು ಕಚ್ತದೆ. ಯಾವಾಗಲೂ ಅಲ್ಲ. ಕೆಲವರು ಹಳೇ ಅಭ್ಯಾಸ ಅಂತಾರೆ, ಕೆಲವರು ಸಿಟ್ಟು ಅಂತಾರೆ. ಸರಿಯಾಗಿ ಯಾರಿಗೂ ಗೊತ್ತಿಲ್ಲಮ್ಮ. ಮೀನನ್ನ ಕೇಳೋಕಾಗ್ತದಾ?"

ಅವನು ನಗುತ್ತಲೇ ಹೇಳಿದ. ರಂಜಿನಿ ಅಲ್ಲೇ ನಿಂತಿದ್ದಳು. "ನಾನು ಕಟ್ಟಿದ್ದನ್ನ ಒಂದು ಮೀನು ಕಚ್ಚೋದನ್ನ ನಾನು ನೋಡೇ ಇಲ್ಲ ಸಾರ್," ಎಂದಳು. ಅವನು ಗಾಳದ ಅಳತೆ ತಪ್ಪಿತೆಂದು ಪಕ್ಕಕ್ಕಿಟ್ಟಿದ್ದ, ಅವಳೇ ಕಟ್ಟಿದ ನೊಣಗಳಲ್ಲಿ ನಾಲ್ಕನ್ನು ಒಂದು ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟ.

ಭಾನುವಾರ ಅವಳು ಟಿ. ನರಸೀಪುರದ ಬಸ್ ಹತ್ತಿದಳು. ರಾಚಮ್ಮನ ಅಣ್ಣ ಬೋರಯ್ಯ ಅಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದ. ರಾಚಮ್ಮ ಅವನಿಗೆ ಫೋನ್ ಮಾಡಿ ಹೇಳಿದ್ದಳು. ಜೂನ್ ಮೊದಲ ವಾರ. ಮೇಲೆ ಕಬಿನಿ ಅಣೆಕಟ್ಟಿನ ಗೇಟು ಇನ್ನೂ ತೆರೆದಿರಲಿಲ್ಲ. ಕಪಿಲೆ ಕಾವೇರಿಗೆ ಸೇರುವ ಕಡೆ ನೀರು ತೆಳ್ಳಗೆ, ಅವಸರವಿಲ್ಲದೆ ಹರಿಯುತ್ತಿತ್ತು.

ಅರವತ್ತು ದಾಟಿದ ಬೋರಯ್ಯ ಡಬ್ಬಿ ತೆರೆದು ನೋಡಿ ಹುಬ್ಬೇರಿಸಿದ.

"ಇದೇನವ್ವ, ಮದುವೆ ಎಣ್ಣು ಕಂಡಂಗೆ ಕಾಣ್ತದೆ! ಇದನ್ನ ಮೀನು ತಿಂತದಾ?"

"ತಿನ್ನಲ್ವಂತೆ. ಕಚ್ತದಂತೆ."

"ನಮ್ ಕಡೆ ಆ ಮೀನು ಇಲ್ಲ ಕಣವ್ವ."

"ಗೊತ್ತು. ಯಾವುದಾದರೂ ಸರಿ. ನನ್ನ ಕಣ್ಣಾರೆ ನೋಡಬೇಕು."

ಅವನು ಬಿದಿರಿನ ಕಡ್ಡಿಗೆ ದಾರ ಕಟ್ಟಿ, ದಾರದ ತುದಿಗೆ ಕೆಂಪು ಗರಿಯ ನೊಣ ಬಿಗಿದು, ಅವಳನ್ನು ತೆಪ್ಪದಲ್ಲಿ ಕೂರಿಸಿಕೊಂಡ. ಹರಿಯುವ ನೀರಿನಲ್ಲಿ ಎರಡು ತಾಸು ಕಳೆದವು. ಜಿಲೇಬಿ ಮೀನುಗಳು ಬಂದು ಮೂತಿ ತಾಗಿಸಿ ನೋಡಿ ಹೊರಟುಹೋದವು. ಒಂದು ಗೆಂಡೆ ಮೀನು ನೊಣದ ಹಿಂದೆ ಅಷ್ಟು ದೂರ ಬಂದು, ಬೇಡವೆನಿಸಿ ತಿರುಗಿಕೊಂಡಿತು. ರಂಜಿನಿಯ ನೆತ್ತಿ ಸುಡುತ್ತಿತ್ತು. ವಾಪಸ್ ಹೋಗೋಣ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಬೋರಯ್ಯ ಹುಟ್ಟನ್ನು ಓರೆ ಮಾಡಿ ತೆಪ್ಪವನ್ನು ಜೊಂಡು ಬೆಳೆದ ದಡದ ಕಡೆಗೆ ತಿರುಗಿಸಿದ. ಅಲ್ಲಿ ನೀರು ನಿಂತ ಹಾಗೇ ಇತ್ತು.

"ಸದ್ದು ಮಾಡ್ಬೇಡ. ಅಲ್ ನೋಡು."

ನೀರಿನ ಮೇಲೆ ತಟ್ಟೆಯಗಲ ಕೆಂಪಗೆ ಏನೋ ಕುದಿಯುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದಳು. ನೂರಾರು ಮರಿಗಳು, ಒಂದೊಂದೂ ಭತ್ತದ ಕಾಳಿನಷ್ಟು. ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಒಟ್ಟಿಗೆ ಇಳಿಯುತ್ತಿದ್ದವು.

"ಕೊರವ ಮೀನಿನ ಮರಿ," ಎಂದು ಪಿಸುಗುಟ್ಟಿದ ಬೋರಯ್ಯ. "ಕೆಳಗೆ ದೊಡ್ಡದು ಕಾಯ್ತಾ ಅದೆ. ಮರಿ ಕಾಯೋವಾಗ ಅದು ಏನೂ ತಿನ್ನಲ್ಲ. ಆದ್ರೆ ಅತ್ರ ಏನೇ ಬಂದ್ರೂ ಬಿಡಕಿಲ್ಲ. ಈಗ ಬಿಡು ನಿನ್ ನೊಣ."

ರಂಜಿನಿ ಕಡ್ಡಿ ಚಾಚಿದಳು. ಕೆಂಪು ಗರಿ ಮರಿಗಳ ಅಂಚಿಗೆ ಬಿತ್ತು. ಒಂದು ಉಸಿರು ಎಳೆಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರು ಒಡೆಯಿತು. ಒನಕೆಯಂಥ ಕಪ್ಪು ಮೈ ಮೇಲೆದ್ದು ಬಡಿಯಿತು, ಕಡ್ಡಿ ಬಾಗಿತು. ಕೈ ಜಾರಬಾರದೆಂದು ಅವಳು ದಾರವನ್ನೇ ಹಿಡಿದಳು; ದಾರ ಅಂಗೈಯನ್ನು ಕೊಯ್ದುಕೊಂಡು ಓಡಿತು. "ಬಿಡ್ಬೇಡ, ಬಿಡ್ಬೇಡ!" ಎನ್ನುತ್ತ ಬೋರಯ್ಯ ಬಗ್ಗಿ ಮೀನನ್ನು ಕಿವಿರಿನ ಬಳಿ ಹಿಡಿದು ತೆಪ್ಪದೊಳಕ್ಕೆ ಎಳೆದುಹಾಕಿದ.

ಅದರ ದವಡೆಯ ಮೂಲೆಯಲ್ಲಿ ಅವಳು ಕಟ್ಟಿದ ನೊಣ ಇತ್ತು. ಗರಿ ಒಂದೂ ಉದುರಿರಲಿಲ್ಲ. ಹದಿನಾಲ್ಕು ವರ್ಷ ಕಾದ ಸಂತೋಷ ಈಗ ಬರುತ್ತದೆಂದು ರಂಜಿನಿ ಕಾದಳು. ಮೀನು ಬಾಯಿ ತೆರೆದು ಮುಚ್ಚಿತು. ಅದರ ಹೊಟ್ಟೆ ಒಳಕ್ಕೆ ಸೇದಿಕೊಂಡಿತ್ತು.

"ಆ ಮರಿಗಳು?" ಎಂದಳು.

ಬೋರಯ್ಯ ಗದ್ದದಲ್ಲೇ ತೋರಿಸಿದ. ಕೆಂಪು ತಟ್ಟೆ ಚೂರಾಗಿತ್ತು. ಮರಿಗಳು ದಿಕ್ಕಿಗೊಂದಾಗಿ ಓಡಾಡುತ್ತಿದ್ದವು. ಅದುವರೆಗೆ ದೂರ ಇದ್ದ ಜಿಲೇಬಿಗಳು ನುಗ್ಗಿ ಅವನ್ನು ಒಂದೊಂದಾಗಿ ಹೆಕ್ಕುತ್ತಿದ್ದವು.

"ಅಣ್ಣಾ, ಬಿಟ್ಟುಬಿಡಿ ಇದನ್ನ."

"ಒಳ್ಳೇ ಮೀನು ಕಣವ್ವ. ಸಾರಿಗೆ..."

"ಬಿಡಿ ಅಂದೆನಲ್ಲ!"

ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಬೋರಯ್ಯ ಅವಳ ಮುಖವನ್ನೊಮ್ಮೆ ನೋಡಿದ. ಮೊಣಕಾಲಿನಲ್ಲಿ ಮೀನನ್ನು ಅದುಮಿ ಹಿಡಿದು, ಇಕ್ಕಳದಿಂದ ಗಾಳವನ್ನು ಮೆಲ್ಲಗೆ ತಿರುವಿ ಬಿಡಿಸಿದ. ನೀರಿಗೆ ಇಳಿಸಿದಾಗ ಮೀನು ಒಂದು ಗಳಿಗೆ ಮಗುಚಿಕೊಂಡೇ ಇತ್ತು. ಆಮೇಲೆ ಬಾಲ ಬೀಸಿ ಮುಳುಗಿತು.

ಬೋರಯ್ಯ ತೆಪ್ಪವನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ. ಎಷ್ಟೋ ಹೊತ್ತಿನ ಮೇಲೆ ಜೊಂಡಿನ ಬುಡದಲ್ಲಿ ಮತ್ತೆ ಕೆಂಪು ಕಾಣಿಸಿತು. ಈಗ ಅದು ತಟ್ಟೆಯಗಲ ಇರಲಿಲ್ಲ, ಅಂಗೈಯಗಲ.

"ಬಂದದೆ," ಎಂದ ಬೋರಯ್ಯ. "ಉಳಿದಷ್ಟನ್ನ ಕಾಯ್ತದೆ. ಅಸಿವಿಗೆ ಕಚ್ಚಿದ್ದಲ್ಲ ಅದು. ಯಾರೂ ಅತ್ರ ಬರಬಾರದು ಅಂತ ಕಚ್ಚಿದ್ದು. ಒಳ್ಳೇದಕ್ಕೆ ಬಂದ್ರೋ ಕೆಟ್ಟದ್ದಕ್ಕೆ ಬಂದ್ರೋ, ಅದಕ್ಕೇನು ಗೊತ್ತು?"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬೋರಯ್ಯ ಹರಿದುಕೊಟ್ಟ ಟವೆಲ್ ಚೂರನ್ನು ಅಂಗೈಗೆ ಸುತ್ತಿಕೊಂಡಾಗ ರಂಜಿನಿಗೆ ನೆನಪಾದದ್ದು ಸಾಲ್ಮನ್ ಅಲ್ಲ, ಪಕ್ಕದ ಮನೆಯ ಮಂಗಳಮ್ಮ. ಅವ್ವನಿಗೆ ಮಾತು ಪೂರ್ತಿ ನಿಂತ ವಾರ ಮಂಗಳಮ್ಮ ಒಂದು ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದಿದ್ದಳು. "ನೀನು ಒಂಚೂರು ಮಲಗವ್ವ, ನಾನು ಕೂತಿರ್ತೀನಿ" ಎಂದಿದ್ದಳು. ರಂಜಿನಿ ಬಾಗಿಲಲ್ಲೇ ಅಡ್ಡ ನಿಂತು, "ನಿಮ್ಮನ್ನ ಯಾರಾದ್ರೂ ಕರೆದ್ರಾ? ನನ್ನವ್ವನ್ನ ನೋಡ್ಕೊಳ್ಳೋದು ನನಗೆ ಗೊತ್ತು," ಎಂದು ಬಾಗಿಲು ಹಾಕಿಕೊಂಡಿದ್ದಳು. ಆಮೇಲೆ ಮಂಗಳಮ್ಮ ಹೆಣ ಎತ್ತುವ ದಿನ ಬಂದು ದೂರ ನಿಂತು ಹೋದಳು, ಅಷ್ಟೆ. ಒಂದೇ ಗೋಡೆಯ ಆಚೆ ಈಚೆ ಇದ್ದು ಒಂದೂವರೆ ವರ್ಷ ಮಾತಿಲ್ಲ. ಅವಳ ಮನೆಯ ಒಗ್ಗರಣೆಯ ಸದ್ದು ಕೂಡ ರಂಜಿನಿಗೆ ಕೇಳುತ್ತಿತ್ತು.

ನಂಜನಗೂಡಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅವಳು ತನ್ನ ಬೀಗ ತೆಗೆಯದೆ ಪಕ್ಕದ ಬಾಗಿಲು ತಟ್ಟಿದಳು. ತೆರೆದದ್ದು ಮಂಗಳಮ್ಮನ ಸೊಸೆ ರಾಣಿ.

"ಅತ್ತೆ ಇಲ್ಲ ಅಕ್ಕ. ಹುಲ್ಲಹಳ್ಳಿಗೆ ಹೋದ್ರು, ಮಗಳ ಮನೆಗೆ. ಹೋಗಿ ಎರಡು ತಿಂಗಳಾಯ್ತು, ನಿಮಗೆ ಗೊತ್ತಿಲ್ವಾ?"

ರಂಜಿನಿಗೆ ಗೊತ್ತಿರಲಿಲ್ಲ. ಎರಡು ತಿಂಗಳಿಂದ ತಾನು ಕೇಳುತ್ತಿದ್ದದ್ದು ಬೇರೆ ಯಾರದೋ ಒಗ್ಗರಣೆ. "ಏನಿಲ್ಲ, ಸುಮ್ಮನೆ ಬಂದೆ," ಎಂದು ತಿರುಗಿದಳು. ಎರಡು ಹೆಜ್ಜೆ ಹಾಕಿ ನಿಂತಳು.

"ಅವರ ನಂಬರ್ ಇದ್ದರೆ ಕೊಡ್ತೀಯಾ?"

ರಾಣಿ ತಾನೇ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟಳು. ಆ ಕಡೆ ಗಂಟೆ ಬಹಳ ಹೊತ್ತು ಹೊಡೆಯಿತು.

"ಯಾರು, ರಾಣಿನಾ?"

"ಅಲ್ಲ. ನಾನು, ರಂಜಿನಿ. ಪಕ್ಕದ ಮನೆ."

ಆ ಕಡೆ ಎಲ್ಲೋ ಒಂದು ಕರು ಕೂಗುತ್ತಿತ್ತು. ಮಂಗಳಮ್ಮನ ದನಿ ಗಾಬರಿಯಿಂದ ಬಂತು. "ಏನಾಯ್ತವ್ವ? ಹುಷಾರಿಲ್ವಾ?"

"ಏನೂ ಆಗಿಲ್ಲ. ಕೈ ಸ್ವಲ್ಪ ಕೊಯ್ಕೊಂಡಿದೆ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಅವತ್ತು ನೀವು ಡಬ್ಬಿ ತಂದಿದ್ರಿ..."

"ಅದನ್ನ ಈಗ ಯಾಕೆ ಎತ್ತೀಯ?" ಎಂದಳು ಮಂಗಳಮ್ಮ. ದನಿಯಲ್ಲಿ ನೋವು ಇನ್ನೂ ಹಾಗೇ ಇತ್ತು. ಆದರೂ ಕೇಳಿದಳು, "ಕೈಗೆ ಅರಿಸಿನ ಹಚ್ಚಿದೆಯಾ?"

"ಇಲ್ಲ."

"ಹಚ್ಚು ಮೊದಲು. ರಾಣಿಗೆ ಕೊಡು ಫೋನು, ಹೇಳ್ತೀನಿ."

ರಂಜಿನಿ ಫೋನ್ ಕೊಟ್ಟು ಹೊಸಿಲಿನ ಆಚೆ ನಿಂತಳು. ರಾಣಿ ಹೂಂಗುಟ್ಟುತ್ತ ಒಳಗೆ ಹೋಗಿ ಅರಿಸಿನದ ಡಬ್ಬಿ ಹುಡುಕತೊಡಗಿದಳು.