ಎಡಬಾಯಿಯ ಶಂಖ

ನಮ್ಮಣ್ಣ ಆಂಬ್ರೋಸ್ ಪಿಕರ್ಸ್‌ಗಿಲ್ ಈ ಕಡಲತೀರದ ಊರಿಗೆ ಪಾದ್ರಿ. ಅದು ಹೊಟ್ಟೆಪಾಡು. ಅವನ ಮನಸ್ಸೆಲ್ಲ ಬಂಡೆಯೊಳಗೆ ಕಲ್ಲಾಗಿ ಕೂತ ಶಂಖ, ಮೀನು, ಮೂಳೆಗಳ ಮೇಲೆ. ಇಡೀ ಯಾರ್ಕ್‌ಷೈರಿನಲ್ಲಿ ಪಳೆಯುಳಿಕೆಗಳನ್ನು ತನ್ನಷ್ಟು ಬಲ್ಲವನಿಲ್ಲ ಎಂದು ಅವನ ನಂಬಿಕೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಬಂಡೆಯ ಹತ್ತಿರ ಹೋದದ್ದನ್ನು ನಾನು ಎರಡೇ ಸಲ ನೋಡಿದ್ದು. ಎರಡು ಸಲವೂ ನೆಗಡಿ ಹಿಡಿಸಿಕೊಂಡು ಬಂದ. ಹುಡುಕಿ ತರುವವನು ಕಲ್ಲುಗಣಿಯ ಕೆಲಸಗಾರ ಜೇಬೆಜ್. ಮಣ್ಣು ಕೆರೆದು, ತೊಳೆದು, ಚಿತ್ರ ಬರೆಯುವವಳು ತಂಗಿಯಾದ ನಾನು. ಮಹಾಶಯನ ಕೆಲಸ ಲ್ಯಾಟಿನ್ ಹೆಸರಿಡುವುದು.

ಹೆಸರನ್ನಾದರೂ ನೋಡಿ ಇಡುತ್ತಿದ್ದನೇ? ಯಾರಿಂದ ಏನು ಗಿಟ್ಟೀತು ಎಂಬುದೇ ಅವನ ಲೆಕ್ಕಾಚಾರ. ಜಮೀನ್ದಾರರ ಹೆಸರನ್ನು ಒಂದು ಏಡಿಗೆ ಇಟ್ಟ. ಅವರ ಹೆಂಡತಿಯ ಹೆಸರನ್ನು ಮೊಸಳೆಯ ಹಲ್ಲಿಗೆ ಇಟ್ಟ. ಆಮೇಲೆ ಆ ಮನೆಯಿಂದ ನಮಗೆ ಚಹಾಕ್ಕೆ ಕರೆ ಬಂದಿಲ್ಲ.

ಅವನ ಪುಸ್ತಕದ ಚಿತ್ರಗಳು ಕಲ್ಲಚ್ಚಿನಲ್ಲಿ ಬರಬೇಕಿತ್ತು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ನಾನು ಬರೆಯಬೇಕು, ಅಚ್ಚುಕೂಟದವರು ಅದರ ಮೇಲೆ ಕಾಗದ ಒತ್ತಿ ತೆಗೆಯುತ್ತಾರೆ. ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಕಲ್ಲಿನ ಮೇಲೆ ಉಲ್ಟಾ ಬರೆಯಬೇಕು. ನಮ್ಮ ಶಂಖಗಳನ್ನು ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಬಲಕ್ಕಿರುತ್ತದೆ. ನಾನು ಎಡಕ್ಕೆ ಬರೆಯುತ್ತಿದ್ದೆ. ಅಣ್ಣ ಬಂದು ಬೆನ್ನ ಹಿಂದೆ ನಿಂತ.

"ಬಾಯಿ ಬಲಕ್ಕಿರೋದು. ಎಡಕ್ಕೆ ಯಾಕೆ ಬರ್ದಿದೀಯ? ಕಣ್ಣು ಎಲ್ಲಿಟ್ಕೊಂಡಿದೀಯ ಡೊರ್ಕಾಸ್?"

ಕನ್ನಡಿಯ ಉದಾಹರಣೆ ಕೊಟ್ಟು ತಿಳಿಹೇಳಿದೆ. ಅಚ್ಚಿನ ವಿಷಯವನ್ನು ಹೆಂಗಸಿನಿಂದ ಕಲಿಯುವ ಗತಿ ತನಗಿನ್ನೂ ಬಂದಿಲ್ಲ ಎಂದ. ಆಗಲಿ ಎಂದು ಅಳಿಸಿ, ಅವನು ಹೇಳಿದ ಹಾಗೇ ಬರೆದೆ. ಒಳಗೊಳಗೇ ಖುಷಿಯಾಯಿತು ಎಂದರೂ ಸುಳ್ಳಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಅಚ್ಚು ಬಂತು. ಅಷ್ಟರಲ್ಲಿ ಅಣ್ಣ ಎಲ್ಲ ಮರೆತಿದ್ದ. ಬೆಳಗಿನ ತಿಂಡಿಗೆ ಕೂತವನು ಹಾಳೆ ತಿರುವುತ್ತ, ಬಾಯಿ ಎಡಕ್ಕಿದ್ದ ಶಂಖವನ್ನು ಕಂಡು ಚಮಚ ಕೈಬಿಟ್ಟ. ಜಗತ್ತು ಕಾಣದ ಹೊಸ ಜಾತಿ ಎಂದ. ಶನಿವಾರ ಬಿಷಪ್ಪರು ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಶಂಖಕ್ಕೆ ಅವರದೇ ಹೆಸರಾಯಿತು. ಮಧ್ಯಾಹ್ನದೊಳಗೆ ನಾಲ್ಕು ಪುಟ ಲ್ಯಾಟಿನ್ ಬರೆದು ಮುಗಿಸಿದ.

ಆಮೇಲೆ ಶಂಖವನ್ನು ಹುಡುಕಿದ. ಬೀರುವಿನ ಖಾನೆಗಳನ್ನೆಲ್ಲ ಎಳೆದು ನೋಡಿದರೂ ಇದ್ದವೆಲ್ಲ ಬಲಬಾಯಿಯವೇ. ತಾನು ತಪ್ಪಿರಬಹುದು ಎಂಬ ಯೋಚನೆ ಆ ತಲೆಯ ಹತ್ತಿರವೂ ಸುಳಿಯಲಿಲ್ಲ. ಶಂಖ ಇಲ್ಲವೆಂದರೆ ಕಳುವಾಗಿದೆ, ಕದ್ದವನು ಮನೆಗೆ ಬಂದು ಹೋಗುವ ಜೇಬೆಜ್ ಎಂದು ತೀರ್ಪು ಕೊಟ್ಟು ಕಾನ್ಸ್‌ಟೇಬಲನನ್ನು ಕರೆಸಿದ.

ಜೇಬೆಜ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಗುರುವಾರದೊಳ್ಗೆ ಗಣಿಗೆ ಹೋಗ್ದಿದ್ರೆ ಮೇಸ್ತ್ರಿ ಬೇರೆಯವ್ರನ್ನ ಹಾಕ್ಕೋತಾನೆ ಸ್ವಾಮಿ. ಮೂವತ್ತು ವರ್ಷದಿಂದ ಅಲ್ಲೇ ಇದೀನಿ."

ಅಣ್ಣ ಕಿಟಕಿಯ ಕಡೆ ತಿರುಗಿಕೊಂಡ. ಜೇಬೆಜನನ್ನು ಠಾಣೆಗೆ ಕರೆದೊಯ್ದರು.

ಅಲ್ಲೇ ನಾನು ಬಾಯಿಬಿಟ್ಟಿದ್ದರೆ ಎರಡು ನಿಮಿಷದ ಮಾತು. ಆದರೆ ಇಪ್ಪತ್ತೆರಡು ವರ್ಷ ಅಣ್ಣನ ತಪ್ಪುಗಳನ್ನು ಅವನ ಕಿವಿಯಲ್ಲೇ ಹೇಳಿ ಸಾಕಾಗಿತ್ತು. ಹೇಳಿದ್ದನ್ನು ನುಂಗಿ, ಮರುದಿನ ತಾನೇ ಕಂಡುಹಿಡಿದವನ ಹಾಗೆ ಆಡುತ್ತಿದ್ದ. ಈ ಸಲ ಬಿಷಪ್ಪರ ಎದುರಿಗೇ ಆಗಲಿ ಎಂದು ಕಾದೆ. ಮೂವತ್ತು ವರ್ಷದ ಆಳನ್ನು ಅಷ್ಟು ಬೇಗ ಯಾರು ತೆಗೆದಾರು ಎಂದುಕೊಂಡೆ. ಜೇಬೆಜನಿಗೆ ದಿನವೂ ಮಾಂಸದ ಪೈ ಕಳಿಸಿದೆ.

ಶನಿವಾರ ಕುರಿಮಾಂಸದ ಊಟವಾದ ಮೇಲೆ ಅಣ್ಣ ಹಾಳೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು ನಾಲ್ಕೂ ಪುಟ ಓದಿದ. ಬಿಷಪ್ಪರು ತಮ್ಮ ಹೆಸರಿನ ಶಂಖವನ್ನು ಬೆರಳಲ್ಲಿ ಸವರಿದರು. ನಾನೆದ್ದು ಹಾಳೆಯ ಹಿಂಬದಿ ಕಾಣುವ ಹಾಗೆ ಕಿಟಕಿಯ ಬೆಳಕಿಗೆ ಹಿಡಿದೆ. ಬಾಯಿ ಬಲಕ್ಕೆ ಬಂತು. ಮೂರನೇ ಖಾನೆಯ ಶಂಖವನ್ನು ತಂದು ಪಕ್ಕದಲ್ಲಿಟ್ಟೆ. ತುಟಿಯ ಮುಕ್ಕಿನ ಸಮೇತ ಅದೇ ಇದು. ಅಣ್ಣ ಕಲ್ಲಿನ ಮೇಲೆ ಬಾಯಿ ಬಲಕ್ಕೆ ಬರೆಸಿದ್ದನ್ನೂ ಒಂದು ಅಕ್ಷರ ಬಿಡದೆ ಹೇಳಿದೆ.

"ಅಂದ್ರೆ ನಾನು ಇಲ್ವೇ ಇಲ್ಲ ಅನ್ನಿ," ಎಂದು ಬಿಷಪ್ಪರು ಹೊಟ್ಟೆ ಹಿಡಿದು ನಕ್ಕರು. ಅಣ್ಣನ ಮುಖ ಬೇಯಿಸಿದ ಎಲೆಕೋಸಿನ ಬಣ್ಣಕ್ಕೆ ತಿರುಗಿತು. ಅವರು ಹೋದ ಮೇಲೆ, ತಾನೊಬ್ಬನೇ ಇದ್ದಾಗ ಹೇಳಬಹುದಿತ್ತು ಎಂದ. ನನಗೆ ಜೀವ ತಣ್ಣಗಾಯಿತು.

ಅಂದು ಸಂಜೆಯೇ ಜೇಬೆಜನನ್ನು ಬಿಟ್ಟರು. ಮರುದಿನ ಅವನಿಗೊಂದು ಕೇಕ್ ತೆಗೆದುಕೊಂಡು ಹೋದೆ. ಗಣಿಯಲ್ಲಿ ಗುರುವಾರವೇ ಬೇರೆಯವನನ್ನು ಹಾಕಿಕೊಂಡಿದ್ದರು. ಅದನ್ನು ಅಣ್ಣನ ಪಾಪದ ಬುಟ್ಟಿಗೇ ಹಾಕಿ, ಬಾಗಿಲಲ್ಲೇ ನಿಂತು ಬಿಷಪ್ಪರ ಕಥೆ ಹೇಳಿದೆ. ಅಣ್ಣ ಗಂಟಲು ಸರಿಮಾಡಿಕೊಂಡದ್ದನ್ನು ಮಾಡಿ ತೋರಿಸಿದೆ. ನಗು ತಡೆಯಲಾಗಲಿಲ್ಲ. ಜೇಬೆಜ್ ನಗಲಿಲ್ಲ.

"ಆ ಅಚ್ಚು ಬಂದಿದ್ದು ಯಾವತ್ತು ಅಮ್ಮೋರೆ?"

"ಮಂಗಳವಾರ."

"ನೋಡಿದ ತಕ್ಷಣ ಗೊತ್ತಾಯ್ತಾ ನಿಮಗೆ?"

ಅಣ್ಣನಿಗೆ ಯಾವತ್ತಾದರೂ ಒಂದು ದಿನ ಬುದ್ಧಿ ಕಲಿಸಲೇಬೇಕಿತ್ತು ಎಂದೆ. ಅವನು ಕೇಕಿನ ತಟ್ಟೆಯನ್ನು ನನ್ನ ಕೈಗೆ ವಾಪಸು ಕೊಟ್ಟ.

"ಪಾದ್ರಿಗಳಿಗೆ ಗೊತ್ತಿರ್ಲಿಲ್ಲ ಅಮ್ಮೋರೆ. ನಿಮಗೆ ಗೊತ್ತಿತ್ತು."