ಅಪ್ಪನ ನಡಿಗೆ

ಪದವಿಯ ಮೊದಲ ವರ್ಷದ ಜೀವಶಾಸ್ತ್ರದ ತರಗತಿ. ಬಟಾಣಿ ಗಿಡಗಳ ಪಾಠ ಮುಗಿಸಿದ ಮೇಡಂ, ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆಗಳ ವಿಷಯಕ್ಕೆ ಬಂದಿದ್ದರು. ಪರದೆಯ ಮೇಲೆ ರೋಗಿಯೊಬ್ಬ ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಯತೊಡಗಿದ. ಹೆಗಲು ತಾನಾಗಿ ಕುಣಿಯುತ್ತಿತ್ತು. ಕಾಲು ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತಿತ್ತು.

ಹಿಂದಿನ ಬೆಂಚಿನಿಂದ ಯಾರೋ "ಫುಲ್ ಟೈಟು" ಎಂದರು. ನಾಲ್ಕಾರು ಜನ ನಕ್ಕರು.

ಮುಂದಿನ ಬೆಂಚಿನಲ್ಲಿದ್ದ ಅವಳಿಗೆ ನಗು ಬರಲಿಲ್ಲ. ಅದು ಅವಳ ಅಪ್ಪನ ನಡಿಗೆ.

ಅಪ್ಪ ಕ್ಷೌರಿಕ. ಕೈ ಅದುರಿ ಗಿರಾಕಿಯ ಕಿವಿ ಕೊಯ್ದ ಮೇಲೆ ಅವನ ಅಂಗಡಿಗೆ ಯಾರೂ ಕಾಲಿಡಲಿಲ್ಲ. ಬೀದಿಯ ಮಕ್ಕಳು ಅವನಿಗೆ 'ಉಯ್ಯಾಲೆ' ಎಂದು ಹೆಸರಿಟ್ಟರು. ತಾತನೂ ಹೀಗೇ ತೂರಾಡಿ ಸತ್ತಿದ್ದರಿಂದ ಕುಡುಕರ ವಂಶ ಎಂದು ಜನ ಆಡಿಕೊಂಡರು. "ಒಂದು ತೊಟ್ಟೂ ಮುಟ್ಟಿಲ್ಲ ಕಣೇ" ಎಂದು ಅಪ್ಪ ಅಂಗಲಾಚಿದ್ದನ್ನು ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಬಟ್ಟೆಗಂಟನ್ನು ಹೊಸಿಲಾಚೆ ಇಟ್ಟಳು. ಆಮೇಲೆ ಅಪ್ಪನನ್ನು ನೋಡಿಕೊಂಡವಳು ಅವನ ತಂಗಿ.

ತರಗತಿ ಮುಗಿದ ಮೇಲೆ ಅವಳು ಮೇಡಂ ಹತ್ತಿರ ಹೋದಳು.

"ಇದು ಕುಡಿತದಿಂದ ಬರತ್ತಾ ಮೇಡಂ?"

"ಇಲ್ಲಮ್ಮ. ಕುಡಿದವರ ಥರ ಕಾಣ್ತಾರೆ, ಅಷ್ಟೆ. ತಂದೆಗಿದ್ರೆ ಮಕ್ಕಳಿಗೆ ಬರೋದು ಅರ್ಧಕ್ಕರ್ಧ..." ಮೇಡಂ ಅವಳ ಮುಖ ನೋಡಿ ಮಾತು ನುಂಗಿದರು. "ಮನೇಲಿ ಯಾರಿಗಾದ್ರೂ ಇದೆಯಾ?"

ಅಪ್ಪನ ವಿಷಯ ಕೇಳಿ ಮೇಡಂ ತಮ್ಮ ಪರಿಚಯದ ನರರೋಗ ವೈದ್ಯರ ಬಳಿಗೆ ಕಳಿಸಿದರು. ಅತ್ತೆ ಅಪ್ಪನನ್ನು ಕರೆದೊಯ್ದಳು. ರಕ್ತಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಖಚಿತವಾಯಿತು.

ಅಮ್ಮ ಇಸ್ತ್ರಿ ಮಾಡುತ್ತಿದ್ದಾಗ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಕೈಲಿದ್ದ ಅಂಗಿಯನ್ನು ಮುಗಿಸಿ, ಮಡಿಸಿ, ಬದಿಗಿಟ್ಟಳು.

"ಎಷ್ಟೋ ಸಲ ಅವರ ಬಾಯಿ ಮೂಸಿ ನೋಡಿದ್ದೆ. ವಾಸನೆ ಇರ್ಲಿಲ್ಲ. ಆದ್ರೂ ನಂಬಲಿಲ್ಲ."

ಮರುದಿನ ಇಬ್ಬರೂ ಅತ್ತೆಯ ಮನೆಗೆ ಹೋದರು. ಬಾಗಿಲು ತೆರೆದ ಅತ್ತೆ, "ಈಗ ದಾರಿ ಗೊತ್ತಾಯ್ತಾ ಅತ್ತಿಗೆ?" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು. ಬೀಳದಿರಲೆಂದು ಅಪ್ಪನಿಗೆ ನೆಲದ ಮೇಲೆಯೇ ಹಾಸಿಗೆ ಹಾಸಿದ್ದರು. ಕೊರಳು ಒಂದೇ ಸಮನೆ ಹೊರಳುತ್ತಿತ್ತು. ಮಾತು ಬಹುತೇಕ ನಿಂತುಹೋಗಿತ್ತು.

ಅಮ್ಮ ಪಕ್ಕದಲ್ಲಿ ಕೂತಳು. "ಬನ್ನಿ, ಮನೆಗೆ ಹೋಗೋಣ."

ಅಪ್ಪ ಬಾಯಿ ಹೊಂದಿಸಿಕೊಳ್ಳಲು ಬಹಳ ಹೊತ್ತು ಹೆಣಗಿದ. "ಬೇ... ಡ" ಎಂದ.

ಅಂದಿನಿಂದ ಅಮ್ಮ ದಿನವೂ ಹೋಗತೊಡಗಿದಳು. ಅಮ್ಮ ಚಮಚ ಹಿಡಿದರೆ ಅಪ್ಪ ಹಲ್ಲು ಕಚ್ಚುತ್ತಿದ್ದ; ಅತ್ತೆ ಹಿಡಿದರೆ ಬಾಯಿ ತೆರೆಯುತ್ತಿದ್ದ. ಅಮ್ಮ ಅವನ ಬಟ್ಟೆ ಒಗೆದು, ಇಸ್ತ್ರಿ ಮಾಡಿಟ್ಟು ಬರುತ್ತಿದ್ದಳು. ಆ ಬೇಸಿಗೆ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ.

ಮಣ್ಣು ಮಾಡಿ ಬಸ್ಸಿನಲ್ಲಿ ಮರಳುವಾಗ ಅಮ್ಮ ಕೇಳಿದಳು.

"ನಿಂಗೂ ಬರತ್ತಾ?"

"ಪರೀಕ್ಷೆ ಮಾಡಿಸಿದ್ರೆ ಗೊತ್ತಾಗತ್ತೆ."

"ಮಾಡಿಸ್ತೀಯಾ?"

ಅಮ್ಮ ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನೇ ನೋಡುತ್ತ ಕೂತಳು.