ಕ್ಯಾಲೆಂಡರಿನಲ್ಲಿ ನಿದ್ದೆಹೋದವಳು

ಸಾಂಗ್ಲಿ, ಮಿರಜಗಳ ನಡುವಿನ ವಿಶ್ರಾಮಬಾಗದ ದೊಡ್ಡ ರಸ್ತೆಯಲ್ಲಿ ಕಲರ್ ಲ್ಯಾಬ್ ಶುರುವಾದಾಗ, ಬಿ.ಕಾಂ. ಮುಗಿಸಿ ಮನೆಯಲ್ಲೇ ಕೂತಿದ್ದ ಮೃಣಾಲಳಿಗೆ ಅದರ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಅದು ತೊಂಬತ್ತೈದರ ಮಾತು. ಒಂದು ತಾಸಿನಲ್ಲಿ ಫೋಟೋ ತೊಳೆದು ಕೈಗಿಡುವ ಮಷಿನ್ ಆಗ ಸಾಂಗ್ಲಿಗೂ ಹೊಸದು, ಮಿರಜಕ್ಕೂ ಹೊಸದು. ಅದನ್ನು ಗಾಜಿನಾಚೆಯಿಂದ ನೋಡಲೆಂದೇ ಜನ ಬಂದು ನಿಲ್ಲುತ್ತಿದ್ದರು. ಒಂದೂವರೆ ವರ್ಷ ಅವಳು ಬೇರೆಯವರ ಮದುವೆ, ತೊಟ್ಟಿಲು, ಮಹಾಬಳೇಶ್ವರದ ಪ್ರವಾಸಗಳನ್ನು ಲಕೋಟೆಗೆ ತುಂಬಿ ತುಂಬಿ ಕೊಟ್ಟಳು. ಅಷ್ಟು ಸಾವಿರ ಫೋಟೋಗಳಲ್ಲಿ ಒಂದರಲ್ಲೂ ತಾನು ದಿನಾ ನಡೆದು ಬರುವ ರಸ್ತೆ ಇಲ್ಲವಲ್ಲ ಎಂದು ಒಂದು ದಿನ ಅವಳಿಗೆ ಅನ್ನಿಸಿತು. ಕ್ಯಾನು ನೇತುಹಾಕಿಕೊಂಡು ಸೈಕಲ್ ತುಳಿಯುವ ಹಾಲಿನವನಿಲ್ಲ, ಬಸ್ ನಿಲ್ದಾಣದಲ್ಲಿ ಜಗಳವಾಡುವ ಗಂಡ ಹೆಂಡಿರಿಲ್ಲ, ಎದ್ದುಬರುತ್ತಿದ್ದ ಹೊಸ ಫ್ಲ್ಯಾಟುಗಳಿಗೆ ಇಟ್ಟಿಗೆ ಹೊರುವವರಿಲ್ಲ.

ಕಾಕಾ, ಅಪ್ಪನ ತಮ್ಮ ಜಯಪಾಲ, ಮುಂಬೈಯಲ್ಲಿದ್ದಾಗ ಕೊಂಡು, ಆಮೇಲೆ ಕಪಾಟಿನಲ್ಲಿ ಮರೆತುಬಿಟ್ಟಿದ್ದ ಕ್ಯಾಮೆರಾ ಒಂದು ಮನೆಯಲ್ಲಿತ್ತು. ಅದನ್ನು ಕೇಳಿ ಪಡೆದಳು. ಅವ್ವ ತ್ರಿಶಲಾ, ಹೆಣ್ಣುಮಗಳು ರಸ್ತೆಯಲ್ಲಿ ನಿಂತು ಮಂದಿಯ ಫೋಟೋ ಹೊಡೆಯುವುದೇನು ಎಂದು ಗೊಣಗಿದಳು. ಕಾಕಾ ಮಾತ್ರ ಬೂಷ್ಟು ಹಿಡಿದ ಚರ್ಮದ ಕವಚವನ್ನು ಒರೆಸಿ ಕೊಟ್ಟ.

ಮೊದಲ ಭಾನುವಾರ ಮಿರಜದಲ್ಲಿ ಸಿತಾರು ಮಾಡುವವರ ಓಣಿಗೆ ಹೋದಳು. ಒಣಹಾಕಿದ ದೊಡ್ಡ ಸೋರೆಬುರುಡೆಗಳ ನಡುವೆ ನಿಂತು ಕ್ಯಾಮೆರಾ ಎತ್ತುತ್ತಿದ್ದಂತೆ ಇಡೀ ಓಣಿಯೇ ಕೆಲಸ ಬಿಟ್ಟು ಅವಳತ್ತ ತಿರುಗಿತು. ಯಾವ ಪೇಪರಿನವಳೆಂದು ಒಬ್ಬ ಕೇಳಿದ. ಇನ್ನೊಬ್ಬ ಬೇಕೆಂದೇ ಲೆನ್ಸಿಗೆ ಅಡ್ಡ ಬಂದು ಮೀಸೆ ತಿರುವಿದ. ಒಬ್ಬ ಸ್ಟೇಶನ್ನಿನವರೆಗೂ ಹಿಂದೆ ಹಿಂದೆ ಬಂದ. ಲ್ಯಾಬಿಗೆ ಬರುವ ಗಂಡಸರು ಕ್ಯಾಮೆರಾ ಹಿಡಿದು ಎಲ್ಲೆಂದರಲ್ಲಿ ನಿಲ್ಲುತ್ತಾರೆ, ತಾನು ಐದು ನಿಮಿಷ ನಿಂತರೆ ಊರೇ ಹೆಗಲ ಮೇಲೆ ಬಂದು ಕೂರುತ್ತದೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ, ತನ್ನತ್ತ ನೋಡದವರನ್ನೇ ಹುಡುಕಿ, ರೀಲಿನ ಮೂವತ್ತಾರೂ ಹೊಡೆದು ಮುಗಿಸಿದಳು. ರೀಲು ತೊಳೆದು ನೋಡಿದರೆ ಬರೀ ಬೆನ್ನುಗಳು.

ಆ ಬೆನ್ನುಗಳನ್ನು ಲ್ಯಾಬಿನಲ್ಲಿ ಮೊದಲು ನೋಡಿದವರು ರಾವಸಾಬ ಸರ್. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಹವ್ಯಾಸಿಗಳ ಒಂದು ಫೋಟೋ ಮಂಡಳಿ ನಡೆಸುತ್ತಿದ್ದವರು. ಮನೆಮಾತು ಕನ್ನಡವೇ, ಊರಲ್ಲೆಲ್ಲ ಮರಾಠಿ ಆಡಿದರೂ ಬೈಯುವುದಕ್ಕೂ ಕಲಿಸುವುದಕ್ಕೂ ಕನ್ನಡಕ್ಕೆ ಬರುತ್ತಿದ್ದರು.

"ನೀ ಮಂದಿಗೆ ಅಂಜತಿ. ಅದಕ್ಕ ಬೆನ್ನ ತಗದಿ," ಅಂದರು. "ಇನ್ನ ಮ್ಯಾಲೆ ಯಾರನ್ನೂ ಕೇಳಬ್ಯಾಡ. ಕೇಳಿದಿ ಅಂದ್ರ ಮಾರಿ ಸಾಯತೈತಿ."

ಮುಖದಲ್ಲಿ ಜೀವ ಉಳಿಯಬೇಕಾದರೆ ಲೆನ್ಸಿನ ದೂರವನ್ನು ಎಂಟು ಅಡಿಗೆ ಮೊದಲೇ ಇಟ್ಟುಕೊಳ್ಳಬೇಕು, ಬಿಸಿಲಿದ್ದಾಗ ಲೆನ್ಸಿನ ಬಾಯಿ ಕಿರಿದು ಮಾಡಿಕೊಂಡಿರಬೇಕು, ಬೇರೆ ಏನನ್ನೋ ನೋಡುತ್ತಿರುವವರ ಹಾಗೆ ಹತ್ತಿರ ಹೋಗಿ ಒಂದೇ ಒಂದು ಹೊಡೆದು ಮುಂದೆ ನಡೆದುಬಿಡಬೇಕು ಎಂದು ಕಲಿಸಿದರು. ಮೃಣಾಲ ಬೇಗ ಕಲಿತಳು. ಕ್ಯಾಮೆರಾವನ್ನು ಎದೆಯ ಮಟ್ಟದಲ್ಲೇ ಇಟ್ಟುಕೊಂಡು, ಕಣ್ಣಿಗೆ ಹಿಡಿಯದೆಯೇ ಹೊಡೆಯುವುದು ಅವಳ ಕೈಗೆ ಕೂತಿತು. ಹಿಂದೆ ಬರುವವರಿಗೆ ಅವಳು ಏನು ಮಾಡುತ್ತಿದ್ದಾಳೆಂದೇ ತಿಳಿಯದಾಯಿತು. ಅವಳಿಗೆ ಅದೊಂದು ಗೆಲುವು.

ತೊಂಬತ್ತೇಳರ ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಸಾಂಗ್ಲಿಯ ಮಂಡಯಿಯಲ್ಲಿ, ಕಾಯಿಪಲ್ಲೆ ಮಾರುಕಟ್ಟೆಯಲ್ಲಿ, ಒಬ್ಬ ಹೆಂಗಸು ಕೂತಲ್ಲೇ ನಿದ್ದೆಹೋಗಿದ್ದಳು. ಬೆನ್ನಿಗೆ ಗೋಣಿಚೀಲ, ಮುಂದೆ ಬೆಂಡೆಕಾಯಿಯ ರಾಶಿ, ತಲೆಯ ಮೇಲಿನ ಸೆರಗು ಹಣೆಗೆ ಜಾರಿತ್ತು, ಬಾಯಿ ತುಸು ತೆರೆದಿತ್ತು. ಒಂದು ಕೈ ತಕ್ಕಡಿಯ ಪರಡಿಯೊಳಗೆ ಅಂಗಾತ ಬಿದ್ದಿತ್ತು, ಅದನ್ನೇ ತೂಗಲಿಟ್ಟ ಹಾಗೆ. ತಗಡಿನ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ ಸರಿಯಾಗಿ ಆ ಅಂಗೈ ಮೇಲೆ ಇತ್ತು. ಮೃಣಾಲ ಎಂಟು ಅಡಿಗೆ ನಿಂತಳು, ಒಂದು ಹೊಡೆದಳು, ನಡೆದಳು.

ಆ ಪ್ರಿಂಟನ್ನು ರಾವಸಾಬ ಸರ್ ಬಾಗಿಲ ಬೆಳಕಿಗೆ ಒಯ್ದು ಹಿಡಿದು ನೋಡಿದರು. ಆಮೇಲೆ ಮಂಡಳಿಯ ಪ್ರದರ್ಶನಕ್ಕೆ ದೊಡ್ಡದು ಮಾಡಿಸುತ್ತೇನೆಂದು ನೆಗೆಟಿವ್ ಕೇಳಿದರು. ಅವಳು ಹಿಗ್ಗಿಹೋಗಿ ಕೊಟ್ಟಳು.

ಡಿಸೆಂಬರ್ ಕೊನೆಯ ವಾರ ಲ್ಯಾಬಿಗೆ ಒಂದು ಕ್ಯಾಲೆಂಡರ್ ಬಂತು. ವಿಶ್ರಾಮಬಾಗದಲ್ಲಿ ಏಳಂತಸ್ತಿನ ಫ್ಲ್ಯಾಟು ಕಟ್ಟುತ್ತಿದ್ದ ಬಿಲ್ಡರ್ ಒಬ್ಬ ಊರಿನ ಅಂಗಡಿಗಳಿಗೆಲ್ಲ ಹಂಚಿಸುತ್ತಿದ್ದ. ಒಂದೇ ಹಾಳೆ, ಕೆಳಗೆ ಹನ್ನೆರಡೂ ತಿಂಗಳ ತಾರೀಖು, ಮೇಲೆ ಎರಡು ಚಿತ್ರ. ಬಲಕ್ಕೆ ಬಣ್ಣ ಬಣ್ಣದ ಕಟ್ಟಡ, ಮುಂದೆ ಕಾರು, ನೀಲಿ ಈಜುಕೊಳ. ಅದರ ಕೆಳಗೆ ಮರಾಠಿಯಲ್ಲಿ 'ನಾಳೆ' ಎಂದಿತ್ತು. ಎಡಕ್ಕೆ ಕಪ್ಪು ಬಿಳುಪಿನಲ್ಲಿ, ಮೃಣಾಲ ಮಂಡಯಿಯಲ್ಲಿ ತೆಗೆದ, ಬಾಯಿ ತೆರೆದು ನಿದ್ದೆಹೋದ ಹೆಂಗಸು. ಕೆಳಗೆ 'ನಿನ್ನೆ'.

ಲ್ಯಾಬಿನ ಮಾಲಕರು ಅದನ್ನು ನೇತುಹಾಕಲು ಮೊಳೆ ಹುಡುಕುತ್ತಿದ್ದರು. ಮೃಣಾಲ ಕ್ಯಾಲೆಂಡರನ್ನು ಅವರ ಕೈಯಿಂದ ಇಸಿದುಕೊಂಡು, ರಜೆಯನ್ನೂ ಕೇಳದೆ, ನೇರ ರಾವಸಾಬರ ಮನೆಗೆ ನಡೆದಳು.

ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕ್ಯಾಲೆಂಡರ್ ನೋಡಿ ನಕ್ಕರು. ಪ್ರದರ್ಶನಕ್ಕೆ ಸಭಾಗೃಹ ಕೊಡಿಸಿದ್ದೇ ಆ ಬಿಲ್ಡರ್, ಅವನು ಒಂದು ಫೋಟೋ ಕೇಳಿದ, ಕೊಟ್ಟೆ ಅಂದರು. ಇವತ್ತು ನಿನ್ನ ಚಿತ್ರ ಎರಡು ಸಾವಿರ ಗೋಡೆಗಳ ಮೇಲಿದೆ, ಮೊನ್ನೆ ಮೊನ್ನೆ ಕ್ಯಾಮೆರಾ ಹಿಡಿದವಳಿಗೆ ಇನ್ನೇನು ಬೇಕು ಎಂದರು. ಕೆಳಗೆ ಸಣ್ಣ ಅಕ್ಷರದಲ್ಲಿದ್ದುದು ಮಂಡಳಿಯ ಹೆಸರು. ಅವಳ ಹೆಸರು ಎಲ್ಲೂ ಇರಲಿಲ್ಲ.

"ನನ್ನನ್ನ ಒಂದ ಮಾತ ಕೇಳಬೇಕಿತ್ತ ಸರ್," ಅಂದಳು ಮೃಣಾಲ.

"ನೀ ಆಕಿನ್ನ ಕೇಳಿದ್ದಿ ಏನ?"

ಕೇಳಬೇಡ ಎಂದು ಕಲಿಸಿದವರೇ ಇವರು, ಈಗ ಇದನ್ನು ಕೇಳುವವರೂ ಇವರೇ. ಆದರೆ ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಅವಳ ಸಿಟ್ಟು ಇನ್ನೂ ಹೆಚ್ಚಿತು. ನೆಗೆಟಿವ್ ಕೊಡಿ ಎಂದಳು. ಹುಡುಕಬೇಕು, ಇನ್ನೊಮ್ಮೆ ಬಾ ಎಂದರು. ಈಗಲೇ ಹುಡುಕಿರಿ, ನಿಂತಿರುತ್ತೇನೆ ಎಂದಳು. ನಿಂತೇ ಇದ್ದಳು. ಕೊನೆಗೆ ಅವರು ಒಳಗೆ ಹೋಗಿ ಲಕೋಟೆ ತಂದು, ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಎಸೆದರು. ಇಷ್ಟು ಸಿಟ್ಟಿನವರಿಗೆ ಈ ಕಲೆ ಒಗ್ಗುವುದಿಲ್ಲ, ಮನೆಯವರ ಹುಟ್ಟುಹಬ್ಬ ತೆಗೆದುಕೊಂಡಿರು ಎಂದೂ ಹೇಳಿದರು. ಅವಳು ಲಕೋಟೆ ಎತ್ತಿಕೊಂಡು ಹೊರಟಳು.

ಮರುದಿನ ಮುಂಜಾನೆ ಮಂಡಯಿಗೆ ಹೋದಾಗ ಆ ಹೆಂಗಸು ಅದೇ ಜಾಗದಲ್ಲಿದ್ದಳು, ಎಚ್ಚರವಾಗಿದ್ದಳು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಿವಿಯಲ್ಲಿ ಭಾರವಾದ ಚಿನ್ನದ ಬುಗುಡಿ ಇಟ್ಟುಕೊಂಡಿದ್ದಳು. ಫೋಟೋದಲ್ಲಿ ಸೆರಗು ಅವನ್ನು ಮುಚ್ಚಿತ್ತು. ಎದುರಿನ ಅಡತಿ ದಲಾಲನ ಅಂಗಡಿಯ ಗೋಡೆಯಲ್ಲಿ ಕ್ಯಾಲೆಂಡರ್ ಆಗಲೇ ನೇತಾಡುತ್ತಿತ್ತು. ಎರಡು ದಿನದಿಂದ ಮಂಡಯಿಯವರೆಲ್ಲ ಅವಳನ್ನು 'ನಿನ್ನೆಯಮ್ಮ' ಎಂದು ಕರೆದು ನಗುತ್ತಿದ್ದರೆಂದು ಮೃಣಾಲಳಿಗೆ ಆಮೇಲೆ ತಿಳಿಯಿತು.

ಆ ಫೋಟೋ ತೆಗೆದವಳು ನಾನು ಎಂದು ಮೃಣಾಲ ಮರಾಠಿಯಲ್ಲಿ ಹೇಳಿದಳು. ತಪ್ಪಾಯಿತು ಎನ್ನುವಾಗ ಮನೆಯಲ್ಲಿ ಅಜ್ಜಿಯ ಮುಂದೆ ಅನ್ನುತ್ತಿದ್ದ ಕನ್ನಡ ತಾನಾಗಿ ಬಾಯಿಗೆ ಬಂತು. ಹೆಂಗಸು ತಕ್ಕಡಿ ಕೆಳಗಿಟ್ಟಳು. ಆಮೇಲೆ ಅವಳು ಆಡಿದ್ದೆಲ್ಲ ಕನ್ನಡವೇ.

"ಯಾರ ಮಗಳ ನೀ? ಜೈನರಾಕಿ ಇದ್ದಂಗ ಕಾಣತಿ. ನಾನೂ ಜೈನರಾಕಿನ. ಸಮಡೋಳಿ ಮಾಣಿಕಬಾಯಿ ಅಂತ ಕೇಳ, ಊರಾಗ ಯಾರರೆ ಹೇಳ್ತಾರ. ಮೂರ ಎಕರೆ ಅರಿಶಿಣ ಐತಿ ನಂದು, ಸ್ವಂತ ಬಾವಿ ಐತಿ. ಅವತ್ತ ಮಿರಜದಾಗ ನನ್ನ ಮಗಳ ಹಡದಿದ್ಲು. ಎರಡ ದಿನ ಆಕಿ ಕಡೆ ಕುಂತಿದ್ದೆ, ಬೆನ್ನ ನೆಲಕ್ಕ ಹಚ್ಚಿರಲಿಲ್ಲ. ಹರದ ಬೆಂಡಿಕಾಯಿ ಕೆಡತಾವಂತ ಇಲ್ಲಿಗೆ ಬಂದೆ. ಮೊಮ್ಮಗಳ ಹುಟ್ಟಿದ ದಿನಾ ನೀ ನನ್ನ ಬಾಯಿ ತಗದಿದ್ದ ನೋಡಿದಿ, ಅಲ್ಲ?"

ಮೃಣಾಲ ತಲೆ ತಗ್ಗಿಸಿದಳು.

"ನಾಲ್ಕನೇ ಇಯತ್ತೆ ಕಲತೇನಿ. ಬರದದ್ದ ಓದಾಕ ಬರತೈತಿ. ನಿನ್ನಿ ಅಂದ್ರ ಏನ? ಸತ್ತೇನೇನ ನಾ? ಇವತ್ತ ಮುಂಜಾನೆ ಮೊದಲನೇ ಬಸ್ಸಿಗೆ ಬಂದೇನಿ. ನಾ ಹ್ಯಾಂಗ ನಿನ್ನಿ ಆಗ್ತೇನಿ?"

ಪಕ್ಕದವರು ವ್ಯಾಪಾರ ಬಿಟ್ಟು ಕೇಳುತ್ತಿದ್ದರು. ಮನಸ್ಸಿನಲ್ಲಿದ್ದುದನ್ನು ಹೇಳುವಷ್ಟು ಕನ್ನಡ ಮೃಣಾಲಳಿಗೆ ಬರುತ್ತಿರಲಿಲ್ಲ. ಅವಳು ಎದುರಿನ ಅಂಗಡಿಗೆ ಹೋಗಿ, ಅಡತಿಯವನನ್ನು ಒಂದು ಮಾತು ಕೇಳಿ, ಕ್ಯಾಲೆಂಡರ್ ಇಳಿಸಿ ತಂದಳು. ಹರಿಯಲು ಹೋದವಳನ್ನು ಮಾಣಿಕಬಾಯಿ ತಡೆದಳು. ತಾನೇ ಹಾಳೆಯನ್ನು ತೊಡೆಯ ಮೇಲೆ ಹಾಸಿ, ಉಗುರಿನಿಂದ ಮಡಿಕೆ ಎಳೆದು, ಚಿತ್ರವಿದ್ದ ಮೇಲಿನ ಅರ್ಧವನ್ನು ನೀಟಾಗಿ ಹರಿದಳು. ತಾರೀಖಿದ್ದ ಅರ್ಧವನ್ನು ಅಂಗಡಿಯವನಿಗೆ ತಿರುಗಿ ಕಳಿಸಿದಳು. ಅವನಿಗೆ ಅಮಾವಾಸ್ಯೆ ಹುಣ್ಣಿಮೆ ನೋಡುವುದಿರುತ್ತದೆ, ಅವನ ತಪ್ಪೇನು ಎಂದಳು.

ಬೆಂಡೆಕಾಯಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. "ನಡಿ. ಎಲ್ಲೆಲ್ಲಿ ಹಾಕ್ಯಾರ, ಅಲ್ಲೆಲ್ಲ ಹೋಗೂಣು."

ಅವತ್ತು ಅವರಿಬ್ಬರೂ ಗಣಪತಿ ಪೇಟೆಯ ಎರಡೂ ಬದಿ ನಡೆದರು. ಮಾಣಿಕಬಾಯಿ ಅಂಗಡಿಯೊಳಗೆ ಹೋಗಿ ಮೊದಲು ಗೋಡೆಯತ್ತ ಬೆರಳು ತೋರಿಸುತ್ತಿದ್ದಳು, ಆಮೇಲೆ ತನ್ನ ಮುಖದತ್ತ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತಿತ್ತು. ಅರಿಶಿಣದ ವ್ಯಾಪಾರಿ ಮಹಾಲಿಂಗಪ್ಪ ಅವಳ ಮಾಲು ಪ್ರತಿ ವರ್ಷ ಕೊಳ್ಳುವವನು. ಮೂರು ದಿನದಿಂದ ತನ್ನ ತಲೆಯ ಮೇಲೇ ನೇತಾಡುತ್ತಿದ್ದವಳು ಮಾಣಿಕಬಾಯಿ ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಎರಡೂ ಕೈಯಿಂದ ಇಳಿಸಿ ಕೊಟ್ಟು, ಕುಂದ್ರಿ ಅಕ್ಕಾರ, ಚಹಾ ತಗೊಳ್ರಿ ಎಂದ. ಅವಳು ಕೂರಲಿಲ್ಲ. ಬಟ್ಟೆ ಅಂಗಡಿಯ ಒಬ್ಬ ಮಾತ್ರ, ಬಿಲ್ಡರ್ ತನ್ನ ಗೆಳೆಯ, ತೆಗೆಯುವುದಿಲ್ಲ ಎಂದ. ಮಾಣಿಕಬಾಯಿ ಗಾದಿಯ ಮುಂದೆ, ಗಿರಾಕಿಗಳ ನಡುವೆ ನಿಂತಳು. ಸೀರೆ ನೋಡುತ್ತಿದ್ದ ಹೆಂಗಸರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಅವಳನ್ನು ನೋಡಿದರು, ಆಮೇಲೆ ಅಂಗಡಿಯವನನ್ನೇ ನೋಡತೊಡಗಿದರು. ಕಾಲು ತಾಸಿನಲ್ಲಿ ಅವನೂ ಇಳಿಸಿದ.

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಚಿತ್ರಗಳಾಗಿದ್ದವು. ಅವನ್ನು ಸುರುಳಿ ಸುತ್ತಿಕೊಂಡು ಇಬ್ಬರೂ ಬಸ್ಸು ಹಿಡಿದು ವಿಶ್ರಾಮಬಾಗದ ಬಿಲ್ಡರ್ ಆಫೀಸಿಗೆ ಹೋದರು. ಅಲ್ಲಿ ಮಾಲಕನಿರಲಿಲ್ಲ. ಟೈ ಕಟ್ಟಿದ ಮ್ಯಾನೇಜರ್, ಫ್ಲ್ಯಾಟು ನೋಡಲು ಬಂದವರೆಂದು ಮೊದಲು ಕುರ್ಚಿ ತೋರಿಸಿದ. ಅವನ ಹಿಂದೆ ಗೋಡೆಯ ಬುಡದಲ್ಲಿ ಕ್ಯಾಲೆಂಡರುಗಳ ಕಟ್ಟುಗಳಿದ್ದವು, ಇನ್ನೂ ಬಿಚ್ಚಿರಲಿಲ್ಲ. ಮಾಣಿಕಬಾಯಿಗೆ ಮರಾಠಿ ಮೃಣಾಲಳಷ್ಟೇ ಸಲೀಸಾಗಿ ಬರುತ್ತಿತ್ತು. ಆದರೆ ಆ ಆಫೀಸಿನಲ್ಲಿ ಅವಳು ಮರಾಠಿಯ ಒಂದು ಶಬ್ದವನ್ನೂ ಆಡಲಿಲ್ಲ. ಮ್ಯಾನೇಜರನ ಮುಖವನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದಳು. ಹೇಳಿ ಮುಗಿಸಿ ಮೃಣಾಲಳತ್ತ ತಿರುಗಿ, ಹೇಳ ಅವಗ, ಅಂದಳು. ಮೃಣಾಲ ಹೇಳಿದಳು. ಇನ್ನೊಬ್ಬಳ ಸಿಟ್ಟನ್ನು ಒಂದಕ್ಷರ ಕಡಿಮೆಯಾಗದ ಹಾಗೆ ದಾಟಿಸುವುದು ಅವಳು ಅಲ್ಲಿಯವರೆಗೆ ಮಾಡಿದ ಎಲ್ಲ ಕೆಲಸಕ್ಕಿಂತ ಕಷ್ಟವಾಗಿತ್ತು.

ಮ್ಯಾನೇಜರ್ ಎಲ್ಲವನ್ನೂ ಕೇಳಿದ. ಚಹಾ ತರಿಸಲೇ ಎಂದ. ಹಂಚಿದ್ದು ಹಂಚಿಯಾಯಿತು, ಉಳಿದದ್ದನ್ನು ತಡೆಯುವುದು ತನ್ನ ಕೈಯಲ್ಲಿಲ್ಲ, ಇದರಲ್ಲಿ ಅವಮಾನವೇನಿದೆ, ಎಷ್ಟು ಸುಂದರವಾದ ಫೋಟೋ ಎಂದ. ಸುಂದರ ಎಂಬ ಮಾತು ಕೇಳಿದ್ದೇ ಮೃಣಾಲಳ ತಾಳ್ಮೆ ಹರಿಯಿತು. ಆ ಫೋಟೋ ನನ್ನದು, ನಾನು ಕೊಟ್ಟಿಲ್ಲ, ಈ ಮಾವಶಿಯೂ ಕೊಟ್ಟಿಲ್ಲ, ಇನ್ನೊಂದು ಕ್ಯಾಲೆಂಡರ್ ಈ ಬಾಗಿಲು ದಾಟಿದರೆ ಮಂಡಯಿಯ ಹೆಂಗಸರನ್ನೆಲ್ಲ ಇಲ್ಲಿ ತಂದು ಕೂರಿಸುತ್ತೇನೆ, ಫ್ಲ್ಯಾಟು ನೋಡಲು ಬಂದವರು ಅವರನ್ನು ದಾಟಿಕೊಂಡೇ ಒಳಗೆ ಬರಬೇಕಾಗುತ್ತದೆ ಎಂದಳು. ಅದು ಅವಳ ಸ್ವಂತ ಮಾತು, ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾವಶಿ ಎಂದದ್ದೂ ಅವಳೇ, ಮಾಣಿಕಬಾಯಿ ಹೇಳಿಕೊಟ್ಟದ್ದಲ್ಲ. ಮಾಣಿಕಬಾಯಿ ಸುರುಳಿಯನ್ನು ಮ್ಯಾನೇಜರನ ಮೇಜಿನ ಮೇಲೆ ಬಿಚ್ಚಿದಳು. ಮೂವತ್ತೊಂದು ಸಲ ತಾನೇ ಬಾಯಿ ತೆರೆದು ಮಲಗಿದ್ದನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.

ಆ ಕಟ್ಟುಗಳು ಹಂಚಿಕೆಯಾಗಲಿಲ್ಲ ಎಂದು ಆಮೇಲೆ ಸುದ್ದಿ ಬಂತು. ಆದರೆ ಮೊದಲೇ ಹೋದವು ಹೋಗಿದ್ದವು. ಸಾಂಗ್ಲಿವಾಡಿಯ ಕ್ಷೌರದಂಗಡಿಯಲ್ಲಿ, ಮಿರಜದ ಔಷಧದಂಗಡಿಗಳಲ್ಲಿ, ಒಂದು ಡೆಂಟಲ್ ದವಾಖಾನೆಯಲ್ಲಿ ಆ ವರ್ಷವಿಡೀ ಮಾಣಿಕಬಾಯಿ ನಿದ್ದೆ ಮಾಡುತ್ತಲೇ ಇದ್ದಳು. ಕಂಡಲ್ಲೆಲ್ಲ ಮೃಣಾಲ ಒಳಗೆ ಹೋಗಿ ಕೇಳಿದಳು. ಕೆಲವರು ಕೊಟ್ಟರು, ಕೆಲವರು ಹುಚ್ಚಿಯೆಂದು ಓಡಿಸಿದರು. ರಾವಸಾಬರ ಮಂಡಳಿಗೆ ಅವಳು ಮತ್ತೆ ಹೋಗಲಿಲ್ಲ. ಅವರು ಲ್ಯಾಬಿಗೆ ಬಂದಾಗ ರಸೀದಿ ಹರಿದು ಕೊಟ್ಟಳು, ಮಾತು ಕೊಡಲಿಲ್ಲ.

ನೆಗೆಟಿವನ್ನು ಮಂಡಯಿಗೆ ಒಯ್ದು ಮಾಣಿಕಬಾಯಿಯ ಮುಂದೆ ಇಟ್ಟಳು. ಅವಳು ಅದನ್ನು ಬೆಳಕಿಗೆ ಹಿಡಿದು, ತನ್ನ ಮುಖ ಕಪ್ಪಾಗಿಯೂ ಸೆರಗಿನ ನೆರಳು ಬೆಳ್ಳಗೂ ಆಗಿರುವುದನ್ನು ನೋಡಿ, ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಭಾನುವಾರಗಳಂದು ಮೃಣಾಲ ಒಬ್ಬಳೇ ಹೊರಡತೊಡಗಿದಳು. ಈಗ ಕ್ಯಾಮೆರಾ ಎದೆಯ ಮೇಲೆ ಅಡಗಿರುತ್ತಿರಲಿಲ್ಲ. ಹತ್ತಿರ ಹೋಗಿ ಕೇಳುತ್ತಿದ್ದಳು. ಹತ್ತು ಜನರಲ್ಲಿ ಏಳು ಜನ ಬೇಡ ಎನ್ನುತ್ತಿದ್ದರು. ಹೂಂ ಎಂದವರು ಅಂಗಿಯ ಗುಂಡಿ ಹಾಕಿಕೊಂಡು, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವರಂತೆ ಸೆಟೆದುಬಿಡುತ್ತಿದ್ದರು. ಒಳ್ಳೆಯ ಚಿತ್ರ ಒಂದೂ ಬರಲಿಲ್ಲ. ಆದರೂ ಪ್ರತಿಯೊಂದರ ಪ್ರತಿ ಮಾಡಿಸಿ, ಹುಡುಕಿಕೊಂಡು ಹೋಗಿ ಕೊಟ್ಟು ಬಂದಳು. ಸಿತಾರು ಓಣಿಯ ಧರೆಪ್ಪ ತನ್ನ ಫೋಟೋ ನೋಡಿ, ಬಲಗೈ ಬೆರಳಿನ ಗಾಯದ ಗುರುತು ಕಾಣುತ್ತಿಲ್ಲ, ಮುಂದಿನ ವಾರ ಬಂದು ಮತ್ತೆ ತೆಗೆ, ಈ ಸಲ ಕೆಲಸ ಮಾಡುವಾಗ ತೆಗೆ ಎಂದ. ಹೀಗೆ ಅವಳನ್ನು ಮತ್ತೆ ಕರೆದವನು ಅವನೇ ಮೊದಲಿಗ.

ಮಂಡಯಿಗೂ ಹೋಗುತ್ತಿದ್ದಳು, ಕ್ಯಾಮೆರಾ ಮನೆಯಲ್ಲಿಟ್ಟು. ಮಾಣಿಕಬಾಯಿ ಕಾಯಿಪಲ್ಲೆ ತೂಗಿ ಕೊಡುತ್ತಿದ್ದಳು, ಎಳೆಯದನ್ನೇ ಆರಿಸಿ ಕೊಡುತ್ತಿದ್ದಳು, ನಗುತ್ತಿರಲಿಲ್ಲ. ಒಂದು ದಿನ ಮೊಮ್ಮಗಳನ್ನು ಜೊತೆಗೆ ಕರೆತಂದಿದ್ದಳು. ಮಗು ಚವಳಿಕಾಯಿಯ ರಾಶಿಯಲ್ಲಿ ಕೂತು ಎರಡೂ ಕೈಯಿಂದ ತೂರುತ್ತಿತ್ತು. ಮೃಣಾಲಳ ಕೈ ಇಲ್ಲದ ಕ್ಯಾಮೆರಾ ಹುಡುಕಿ ತಾನಾಗಿ ಎದೆಯ ಹತ್ತಿರ ಹೋದದ್ದನ್ನು ಮಾಣಿಕಬಾಯಿ ನೋಡಿಬಿಟ್ಟಳು.

"ಇನ್ನೂ ಸಿಟ್ಟ ಐತೇನ್ರಿ ಮಾವಶಿ?" ಮೃಣಾಲ ಕೇಳಿದಳು. ಅವಳ ಕನ್ನಡ ಈಗ ಸ್ವಲ್ಪ ಸುಧಾರಿಸಿತ್ತು.

"ಐತಿ," ಅಂದಳು ಮಾಣಿಕಬಾಯಿ. "ಯಾಕ ಇರಬಾರದ?"

ತೂಕ ಸರಿಯಾದ ಮೇಲೂ ಪರಡಿಗೆ ಇನ್ನೊಂದು ಹಿಡಿ ಚವಳಿಕಾಯಿ ಹಾಕಿ, ಚೀಲ ಹಿಡಿ ಎಂದಳು.